ಗ್ಯಾಸ್ ಡಿಟೆಕ್ಟರನ್ನು ಎಲ್ಲಿ ಇಡಬೇಕು?

1988ರ ಜುಲೈ 6ರ ರಾತ್ರಿ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಗ್ಯಾಸ್ ಅಲಾರಂಗಳು ಹೊಡೆದುಕೊಂಡವು. ಡಿಟೆಕ್ಟರುಗಳು ಅನಿಲವನ್ನು ಕಂಡಿದ್ದವು. ಆದರೆ ಏನಾಗುತ್ತಿದೆಯೆಂದು ತಿಳಿಯುವ ಮೊದಲೇ ಸ್ಫೋಟವಾಯಿತು. ನೀರು ಹಾಯಿಸಬೇಕಿದ್ದ ಡೀಸೆಲ್ ಪಂಪುಗಳು ತಾವಾಗಿ ಶುರುವಾಗಲಿಲ್ಲ. ಸಮುದ್ರಕ್ಕಿಳಿಯುವ ಮುಳುಗುಗಾರರನ್ನು ಎಳೆದುಕೊಂಡಾವು ಎಂಬ ಭಯಕ್ಕೆ ಅವನ್ನು ಕೈಯಿಂದಲೇ ಚಾಲೂ ಮಾಡುವಂತೆ ಇಟ್ಟಿದ್ದರು. 167 ಮಂದಿ ಸತ್ತರು.

ಇಂಥ ವ್ಯವಸ್ಥೆಯ ಬೆಲೆ ಕಟ್ಟುವುದು ಹೇಗೆ? ಅಮೆರಿಕದ ಐಎಸ್ಎ ಸಂಸ್ಥೆ 2010ರಲ್ಲಿ ಹೊರತಂದ ಟಿಆರ್ 84.00.07 ಎಂಬ ಮಾರ್ಗದರ್ಶಿ ಇದಕ್ಕೊಂದು ಸರಳ ಗುಣಾಕಾರ ಹೇಳುತ್ತದೆ. ಸೋರಿಕೆ ಡಿಟೆಕ್ಟರಿನ ಕಣ್ಣಿಗೆ ಬೀಳುವ ಸಾಧ್ಯತೆ, ಯಂತ್ರ ಸುಸ್ಥಿತಿಯಲ್ಲಿರುವ ಸಾಧ್ಯತೆ, ಅಲಾರಂ ಆದ ಮೇಲೆ ಅಪಾಯ ನಿಜಕ್ಕೂ ತಗ್ಗುವ ಸಾಧ್ಯತೆ: ಈ ಮೂರನ್ನೂ ಗುಣಿಸಬೇಕು. ಮೊದಲನೆಯದು ಶೇ. 60, ಎರಡನೆಯದು ಶೇ. 99, ಮೂರನೆಯದು ಶೇ. 90 ಎಂದುಕೊಳ್ಳಿ. ಗುಣಲಬ್ಧ ಶೇ. 53ರ ಆಸುಪಾಸು. ಮಧ್ಯದ ಅಂಕಿಯನ್ನು 99.9ಕ್ಕೆ ಏರಿಸಲು ಎಷ್ಟೇ ದುಡ್ಡು ಸುರಿದರೂ ಉತ್ತರ 54 ದಾಟುವುದಿಲ್ಲ. ಆದರೂ ಕಂಪನಿಗಳು ಹಣ ಚೆಲ್ಲುವುದು ಹೆಚ್ಚಾಗಿ ಅಲ್ಲೇ, ಏಕೆಂದರೆ ಯಂತ್ರಕ್ಕೆ ಸರ್ಟಿಫಿಕೇಟ್ ಸಿಗುತ್ತದೆ. ಅದನ್ನು ತೂಗುಹಾಕಿದ ಜಾಗಕ್ಕೆ ಸಿಗುವುದಿಲ್ಲ.

ಜಾಗದ ಲೆಕ್ಕ ಸ್ವಾರಸ್ಯದ್ದು. ಪೈಪು, ಯಂತ್ರಗಳು ಕಿಕ್ಕಿರಿದ ಕಡೆ ಅನಿಲದ ಮೋಡ ಸುಮಾರು 6 ಮೀಟರಿಗಿಂತ ಚಿಕ್ಕದಿದ್ದರೆ, ಹೊತ್ತಿದರೂ ಜ್ವಾಲೆಗೆ ದೊಡ್ಡ ಸ್ಫೋಟ ಎಬ್ಬಿಸುವಷ್ಟು ವೇಗ ಬರುವುದಿಲ್ಲ ಎಂದು ಬ್ರಿಟನ್ನಿನ ಸುರಕ್ಷತಾ ಇಲಾಖೆಗಾಗಿ 1993ರಲ್ಲಿ ನಡೆದ ಅಧ್ಯಯನ ಹೇಳಿತು. ಆ ಗಾತ್ರದ ಮೋಡ ಎಲ್ಲೂ ನುಣುಚಿಕೊಳ್ಳಬಾರದೆಂದರೆ ಡಿಟೆಕ್ಟರುಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಇರಕೂಡದು. ಸಮುದ್ರದ ಸ್ಥಾವರಗಳಲ್ಲಿ ಇಂದಿಗೂ ಬಳಕೆಯಲ್ಲಿರುವ '5 ಮೀಟರ್' ಸೂತ್ರ ಹುಟ್ಟಿದ್ದು ಹೀಗೆ. ಒಂದೇ ಡಿಟೆಕ್ಟರಿನ ಮಾತು ನಂಬಿ ಇಡೀ ಸ್ಥಾವರ ನಿಲ್ಲಿಸುವುದು ದುಬಾರಿಯಾದ್ದರಿಂದ ಎರಡರ ಸಾಕ್ಷಿ ಕೇಳುವುದು ವಾಡಿಕೆ. ಆಗ ಒಂದೇ ಮೋಡ ಎರಡಕ್ಕೂ ಕಾಣಬೇಕು, ಅಂದರೆ ಅಂತರ ಇನ್ನೂ ಕಿರಿದಾಗಬೇಕು. ಇದನ್ನು ಮರೆತ ನಕ್ಷೆಗಳು ಕಾಗದದ ಮೇಲೆ ಮಾತ್ರ ಭದ್ರ.

ಎತ್ತರದ ಪ್ರಶ್ನೆಯೂ ಪುಸ್ತಕದಲ್ಲಿರುವಷ್ಟು ಸುಲಭವಲ್ಲ. ಮೀಥೇನ್ ಗಾಳಿಗಿಂತ ಹಗುರ, ಮೇಲೇರುತ್ತದೆ, ಸರಿ. ಆದರೆ ಮೈಕೊರೆಯುವ ಚಳಿಯ ದ್ರವರೂಪದ ನೈಸರ್ಗಿಕ ಅನಿಲ, ಅಂದರೆ ಎಲ್ಎನ್‌ಜಿಯಿಂದ ಆಗಷ್ಟೇ ಎದ್ದ ಮೀಥೇನ್ ಗಾಳಿಗಿಂತ ಭಾರ, ನೆಲ ಹಿಡಿದೇ ಹರಿಯುತ್ತದೆ. ಹೆಚ್ಚು ಒತ್ತಡದ ಪೈಪಿನಿಂದ ಚಿಮ್ಮುವ ಅನಿಲವಂತೂ ತೂಕ ನೋಡದೆ ತೂತು ತೋರಿಸಿದ ದಿಕ್ಕಿಗೆ ನುಗ್ಗುತ್ತದೆ. ಜೊತೆಗೆ ಗಾಳಿ ಬೀಸುವ ದಿಕ್ಕು ಬೇರೆ.

ಗುಣಾಕಾರದ ಮೂರನೆಯ ಅಂಕಿಯನ್ನು, ಅಂದರೆ ಅಲಾರಂ ಆದ ಮೇಲೆ ಅಪಾಯ ತಗ್ಗುವ ಸಾಧ್ಯತೆಯನ್ನು, ನಮ್ಮ ದೇಶ 2009ರ ಅಕ್ಟೋಬರ್ 29ರಂದು ಕಲಿತಿತು. ಜೈಪುರದ ಸೀತಾಪುರ ತೈಲ ಡಿಪೋದಲ್ಲಿ ಪೆಟ್ರೋಲ್ ಸೋರುತ್ತಿರುವುದು ಅಲ್ಲಿದ್ದವರಿಗೆ ತಕ್ಷಣ ಗೊತ್ತಾಗಿತ್ತು. ದೂರದಿಂದ ವಾಲ್ವ್ ಮುಚ್ಚುವ ದಾರಿ ಇರಲಿಲ್ಲ. ಒಂದು ಗಂಟೆಗೂ ಹೆಚ್ಚು ಹೊತ್ತು ಸೋರಿ ಹರಡಿದ ಆವಿ ಸಿಡಿದು 11 ಜನ ಸತ್ತರು.

ಇಷ್ಟೆಲ್ಲ ದೊಡ್ಡ ಕಾರ್ಖಾನೆಗಳ ಮಾತಾಯಿತು. ಬೆಂಗಳೂರಿನ ಅನೇಕ ಬಡಾವಣೆಗಳ ಅಡುಗೆಮನೆಗೆ ಈಗ ಸಿಲಿಂಡರ್ ಬದಲು ಪೈಪಿನ ಗ್ಯಾಸ್ ಬರುತ್ತಿದೆ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ಅದರ ಡಿಟೆಕ್ಟರ್ ನೆಲದ ಹತ್ತಿರ ಇರಬೇಕು. ಪೈಪಿನಲ್ಲಿ ಬರುವುದು ಬಹುಪಾಲು ಮೀಥೇನ್, ಅದಕ್ಕೆ ಸೂರಿನ ಹತ್ತಿರ. ಸಂಪರ್ಕ ಬದಲಿಸಿದವರು ಹಳೆಯ ಡಿಟೆಕ್ಟರನ್ನು ಸುಮ್ಮನೆ ಮೇಲಕ್ಕೆ ಸಿಕ್ಕಿಸಿದರೂ ಸಾಲದು. ಅದು ಯಾವ ಅನಿಲಕ್ಕೆಂದು ತಯಾರಾದದ್ದು ಎಂಬುದನ್ನು ಡಬ್ಬಿಯ ಮೇಲೆ ಓದಿ ನೋಡಿ, ಮೀಥೇನಿಗೆ ಅಲ್ಲದಿದ್ದರೆ ಹೊಸದು ತನ್ನಿ.