ಅಡಿಕೆಯ ಜುಟ್ಟು ಯಾರ ಕೈಲಿ?

ಶಿವಮೊಗ್ಗ ಜಿಲ್ಲೆಯ ಆನಂದಪುರದ ಬಸ್ ನಿಲ್ದಾಣದಲ್ಲಾಗಲಿ, ಹೊಸನಗರದ ಹೋಟೆಲಿನಲ್ಲಾಗಲಿ ಇಬ್ಬರು ಬೆಳೆಗಾರರು ಎದುರಾದರೆ ಕ್ಷೇಮ ಸಮಾಚಾರಕ್ಕೂ ಮೊದಲು ಬರುವ ಪ್ರಶ್ನೆ ‘ರಾಶಿ ಎಷ್ಟಾಯ್ತು?’ ಅಂದರೆ, ರಾಶಿ ಅಡಿಕೆಯ ಧಾರಣೆ ಎಷ್ಟು ಎಂದು. ಮ್ಯಾಮ್‌ಕೋಸ್, ಆಪ್ಸ್‌ಕೋಸ್ ಸಹಕಾರ ಸಂಘಗಳ, ಎಪಿಎಂಸಿಯ ಟೆಂಡರುಗಳಲ್ಲಿ ಧಾರಣೆ ಹುಟ್ಟುತ್ತದೆಂದು ಕಾಣುತ್ತದೆ. ಅಸಲಿಗೆ ಅದರ ಜುಟ್ಟು ಹಿಡಿದವನು ಉತ್ತರ ಭಾರತದ ಯಾವುದೋ ಪಟ್ಟಣದಲ್ಲಿ ಪಾನ್ ಮಸಾಲೆಯ ಪೊಟ್ಟಣ ಹರಿಯುವ ಆಸಾಮಿ. ಸಾಗರ, ತೀರ್ಥಹಳ್ಳಿಗಳ ಹೆಸರನ್ನೂ ಅವನು ಕೇಳಿರಲಾರ.

ಅವನ ನಾಲಿಗೆಯ ಮರ್ಜಿ ಇಲ್ಲಿನ ಅಂಗಳದವರೆಗೂ ನಡೆಯುತ್ತದೆ. ಎಳೆಗಾಯಿ ಕೊಯ್ದು, ಸುಲಿದು, ಚೊಗರು (ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಹಾಕಿ ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಹಣ್ಣಾಗಲು ಬಿಟ್ಟು, ಸಿಪ್ಪೆಸಮೇತ ಒಣಗಿಸಿ ಸುಲಿದರೆ ಚಾಲಿ. ತೀರ್ಥಹಳ್ಳಿಯ ಕಡೆ ಸರಕು, ಬೆಟ್ಟೆ, ರಾಶಿ, ಗೊರಬಲು. ಸಾಗರದ ಪಟ್ಟಿಯಲ್ಲಿ ಸಿಪ್ಪೆಗೋಟು, ಕೆಂಪುಗೋಟು. ತಿನ್ನುವವರ ರುಚಿ ಬೇರೆಯಾದಂತೆಲ್ಲ ಇಲ್ಲಿ ಹೆಸರುಗಳೂ ಬೆಳೆದಿವೆ.

ಈ ಗಿರಾಕಿ ಸರ್ಕಾರಕ್ಕೂ ಬಗ್ಗಿದವನಲ್ಲ. ಗುಟ್ಕಾ ತುಂಬಲು ಪ್ಲಾಸ್ಟಿಕ್ ಪೊಟ್ಟಣ ಬಳಸುವುದನ್ನು 2011ರ ಮಾರ್ಚ್‌ನಿಂದ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. 2013ರ ಮೇ 31ರಂದು ಕರ್ನಾಟಕ ಗುಟ್ಕಾವನ್ನೇ ನಿಷೇಧಿಸಿತು. ಮಲೆನಾಡು ಬೆಚ್ಚಿಬಿದ್ದಿತು. ಕಂಪನಿಗಳು ಪಾನ್ ಮಸಾಲೆಗೊಂದು, ತಂಬಾಕಿಗೊಂದು ಎಂದು ಪೊಟ್ಟಣ ಬೇರೆ ಮಾಡಿದವು. ಗಿರಾಕಿ ಎರಡನ್ನೂ ಕೊಂಡು ಅಂಗೈಯಲ್ಲೇ ಬೆರೆಸಿಕೊಂಡ. ಮರುವರ್ಷ, 2014ರಲ್ಲಿ, ಧಾರಣೆ ಅದುವರೆಗೆ ಕಂಡರಿಯದ ಎತ್ತರಕ್ಕೆ ಹೋಗಿ, ಆಮೇಲೆ ಜಾರಿತು.

ಇದನ್ನೆಲ್ಲ ಗ್ರಾಹಕಶಕ್ತಿಯ ಗೆಲುವೆನ್ನಲು ಮನಸ್ಸು ಹಿಂಜರಿಯುತ್ತದೆ. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ವರ್ಗೀಕರಿಸಿದೆ. ತೋಟದ ಮನೆಗಳ ಜಗಲಿಯಲ್ಲಿ ಈ ಮಾತಿಗೆ ಎಲೆ–ಅಡಿಕೆ ತಟ್ಟೆ ಮುಂದಿಟ್ಟೇ ಆಕ್ಷೇಪ ಬರುತ್ತದೆ, ಇರಲಿ. ಚಟಕ್ಕೆ ಬಿದ್ದವನ ಆಯ್ಕೆ ಎಷ್ಟು ಸ್ವತಂತ್ರ ಎಂಬ ಪ್ರಶ್ನೆಯಂತೂ ಉಳಿಯುತ್ತದೆ.

ಅದೇ ಅಡಿಕೆ ಚೊಗರು ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ಇನ್ನೊಂದು ಬಗೆಯ ಗ್ರಾಹಕನನ್ನು ಹುಡುಕಿಕೊಂಡಿತು. ರಂಗಕರ್ಮಿ ಪ್ರಸನ್ನ ಕಟ್ಟಿದ ‘ಚರಕ’ ಮಹಿಳಾ ಸಹಕಾರ ಸಂಘದಲ್ಲಿ ಕೈಮಗ್ಗದ ಬಟ್ಟೆಗೆ ಬಣ್ಣವಾದದ್ದು ಈ ಚೊಗರು. ‘ದೇಸಿ’ ಅಂಗಡಿಗಳಲ್ಲಿ ಆ ಜುಬ್ಬ ಕೊಂಡ ಬೆಂಗಳೂರಿನವರಿಗೆ ಅದನ್ನು ಯಾವ ಊರಿನ ಹೆಂಗಸರು ನೇಯ್ದರು, ಹೊಲಿದರು ಎಂಬುದು ಗೊತ್ತಿತ್ತು. ಮಿಲ್ ಬಟ್ಟೆ ಅಗ್ಗಕ್ಕೆ ಸಿಗುವಾಗಲೂ ಇದನ್ನೇ ಆರಿಸಿದರು. 2017ರಲ್ಲಿ ಜಿಎಸ್‌ಟಿ ಬಂದಾಗ, ಕೈಉತ್ಪನ್ನಕ್ಕೆ ಶೂನ್ಯ ತೆರಿಗೆ ಕೇಳಿ ಪ್ರಸನ್ನ ಸತ್ಯಾಗ್ರಹಕ್ಕೆ ಕೂತರು.

ಆದರೆ ಕೊಳ್ಳುವವರ ಒಲವನ್ನೇ ನೆಚ್ಚಿದವರಿಗೆ ಅವರು ಬಾರದ ದಿನ ದಿಕ್ಕಿಲ್ಲ. ಕೋವಿಡ್‌ನಲ್ಲಿ ಅಂಗಡಿಗಳು ಮುಚ್ಚಿ, ಬಟ್ಟೆ ಮಾರಾಟವಾಗದೆ ಉಳಿದು, 2020ರಲ್ಲಿ ಚರಕ ದಿವಾಳಿ ಘೋಷಿಸಿಕೊಂಡು ಉತ್ಪಾದನೆ ನಿಲ್ಲಿಸಬೇಕಾಯಿತು. ಆ ಗ್ರಾಹಕರು ಒಳ್ಳೆಯವರೇ. ಒಳ್ಳೆಯತನಕ್ಕೂ ಪೇಟೆಯ ಬಾಗಿಲು ತೆರೆದಿರಬೇಕು.

ಇನ್ನು ಅಡಿಕೆ ಮಾರಿದ ದುಡ್ಡು ಹಿಡಿದ ಬೆಳೆಗಾರ ಆನಂದಪುರದಲ್ಲಿ ಅಂಗಡಿ ಮುಂದೆ ನಿಂತರೆ ಅವನೂ ಗಿರಾಕಿಯೇ. ದೋಟಿ, ಮೋಟಾರು, ಗೊಬ್ಬರ, ಈಗೀಗ ಮೊಬೈಲಿನಲ್ಲಿ ಒತ್ತಿ ತರಿಸುವ ಸರಕು. ಅಡಿಕೆ ಕೊಡುವಾಗ ಹತ್ತು ರೂಪಾಯಿಗೆ ಚೌಕಾಶಿ ಮಾಡುವವರೇ ಮೋಟಾರು ಸುಟ್ಟರೆ ‘ನಮ್ಮ ಹಣೆಬರಹ’ ಎಂದು ಸುಮ್ಮನಾಗುತ್ತಾರೆ. ಮುಂದಿನ ಸಲ ಬೇರೆ ಅಂಗಡಿಗೆ ಹೋಗುವ ದಾರಿಯನ್ನಷ್ಟೇ ಮುಕ್ತ ಮಾರುಕಟ್ಟೆ ತೋರಿಸುತ್ತದೆ. ಹೋದ ದುಡ್ಡನ್ನು ಅದು ತಂದುಕೊಡುವುದಿಲ್ಲ. ಆ ಕೆಲಸಕ್ಕೆ ಕಾನೂನೇ ಬೇಕು.

1986ರ ಗ್ರಾಹಕ ಕಾಯ್ದೆಯ ಜಾಗಕ್ಕೆ 2019ರ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಇದರಲ್ಲಿ ಹಳ್ಳಿಯವರಿಗೆ ಅನುಕೂಲವಾದ ಮಾತೊಂದಿದೆ. ಮಾರಿದ ಕಂಪನಿ ದೆಹಲಿಯಲ್ಲಿರಲಿ, ಮುಂಬೈಯಲ್ಲಿರಲಿ, ಕೊಂಡವರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆನಂದಪುರದವರಿಗೆ ಅದು ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. ದೂರಿಗೆ 2 ವರ್ಷಗಳ ಗಡುವಿದೆ. ರಸೀದಿ ಎತ್ತಿಡಿ, ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1915.