ಬೋಳು ಗುಡ್ಡೆಯಲ್ಲಿ ಸೊಪ್ಪಿನ ಕಾಡು

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಅಡಿಕೆ ತೋಟಗಳು ಹೆಚ್ಚಾಗಿ ಗುಡ್ಡಗಳ ನಡುವಿನ ತಗ್ಗಿನಲ್ಲಿವೆ. ತೋಟಕ್ಕೆ ಸೊಪ್ಪು, ಹಟ್ಟಿಗೆ ತರಗೆಲೆ, ಒಲೆಗೆ ಸೌದೆ, ಬಾವಿಗೆ ನೀರು ಇವೆಲ್ಲ ಮೇಲ್ಬದಿಯ ಗುಡ್ಡೆಯಿಂದಲೇ ಬರುತ್ತಿದ್ದವು. ಇಂದು ಅನೇಕ ಕಡೆ ಆ ಗುಡ್ಡೆ ಬೋಳಾಗಿದೆ. ಇಲ್ಲವೇ ರಬ್ಬರ್, ಅಕೇಶಿಯಾಗಳಂತಹ ಒಂದೇ ಜಾತಿಯ ಮರಗಳಿಂದ ತುಂಬಿದೆ. ತೋಟ ಹಿಗ್ಗಿತು, ಸೊಪ್ಪಿನ ಮೂಲ ಕುಗ್ಗಿತು.

ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿ.ಗ್ರಾಂ. ಹಸಿರು ಸೊಪ್ಪು ಹಾಗೂ ಅಷ್ಟೇ ಪ್ರಮಾಣದ ಹಟ್ಟಿ ಗೊಬ್ಬರ ಕೊಡಬೇಕೆಂಬುದು ಶಿಫಾರಸು. 2.7 ಮೀಟರ್ ಅಂತರದ ತೋಟದಲ್ಲಿ ಎಕರೆಗೆ ಸುಮಾರು 550 ಮರಗಳಿರುತ್ತವೆ. ಅಂದರೆ ಎಕರೆಗೆ ಆರೂವರೆ ಟನ್ನಿಗೂ ಮಿಕ್ಕಿ ಸೊಪ್ಪು ಬೇಕು. ಇದನ್ನು ಕೊಂಡು ತಂದು ಪೂರೈಸುವುದು ಸಣ್ಣ ಹಿಡುವಳಿದಾರರಿಗೆ ಕಷ್ಟ. ಆದ್ದರಿಂದ ಬೋಳು ಗುಡ್ಡೆಯಲ್ಲಿ ಮಿಶ್ರ ಕಾಡು ಬೆಳೆಸುವುದು ತೋಟದ ಬೇಸಾಯದ ಒಂದು ಭಾಗವೇ ಆಗಿದೆ.

ಮೊದಲು ಜಾಗ ತಿಳಿಯಿರಿ

ವರ್ಗ ಜಮೀನಿನ ಗಡಿಯಿಂದ ನೂರು ಗಜದೊಳಗಿನ ಕುಮ್ಕಿ ಸರ್ಕಾರದ ಭೂಮಿ. ಅಲ್ಲಿ ವರ್ಗದಾರರಿಗೆ ಬೇಸಾಯ ಮತ್ತು ಮನೆಬಳಕೆಗೆ ಸೊಪ್ಪು, ಹುಲ್ಲು, ಸೌದೆ ತರುವ ಸವಲತ್ತಿದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮು ಇದನ್ನು ಉಳಿಸಿಕೊಂಡಿದೆ. ಆದರೆ ಸವಲತ್ತು ಒಡೆತನವಲ್ಲ. ಆದ್ದರಿಂದ ಹೊಸ ನಾಟಿಯನ್ನು ಸ್ವಂತ ವರ್ಗ ಜಾಗದಲ್ಲಿ ಮಾಡಿ, ಕುಮ್ಕಿಯಲ್ಲಿ ಇರುವ ಮರಗಳನ್ನು ಕಾಪಾಡುವುದು ಕ್ಷೇಮ.

ಇರುವುದನ್ನು ಉಳಿಸಿರಿ

ಬೋಳೆಂದು ಕಾಣುವ ಗುಡ್ಡೆಯ ಮಣ್ಣಿನಲ್ಲಿಯೂ ಮರುವ, ಮತ್ತಿ ಮುಂತಾದ ಮರಗಳ ಹಳೆಯ ಬುಡಗಳು ಜೀವಂತವಾಗಿರುತ್ತವೆ. ಪ್ರತಿ ಬುಡದಲ್ಲಿ ಒಂದೆರಡು ಬಲವಾದ ಚಿಗುರುಗಳನ್ನು ಬಿಟ್ಟು ಉಳಿದವನ್ನು ಕಡಿಯಬೇಕು. ಬೇರು ಮೊದಲೇ ಆಳಕ್ಕೆ ಇಳಿದಿರುವುದರಿಂದ ಇವು ನೆಟ್ಟ ಸಸಿಗಿಂತ ಬೇಗ ಏಳುತ್ತವೆ. ಕಮ್ಯುನಿಸ್ಟ್ ಗಿಡವನ್ನು ಹೂ ಬಿಡುವ ಮೊದಲೇ ಕಡಿದು ಸಸಿಗಳ ಬುಡಕ್ಕೆ ಹಾಸಬಹುದು.

ಜಾತಿಗಳ ಆಯ್ಕೆ

ಮಣ್ಣು ತೆಳುವಾಗಿರುವ ಮೇಲ್ಭಾಗಕ್ಕೆ ಗೇರು, ನೇರಳೆ, ಮರುವ ಒಗ್ಗುತ್ತವೆ. ನಡು ಇಳಿಜಾರಿಗೆ ಹೊನ್ನೆ, ಮತ್ತಿ, ಕಾಟುಮಾವು, ಹಲಸು ಸೂಕ್ತ. ತೇವ ನಿಲ್ಲುವ ಕೆಳಭಾಗದಲ್ಲಿ ಹೆಬ್ಬಲಸು, ಕಿರಾಲುಬೋಗಿ, ಪುನರ್ಪುಳಿ, ಉಪ್ಪಾಗೆಗಳನ್ನು ನೆಡಬಹುದು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಹರಡಿದ ಅಕೇಶಿಯಾ ಬೇಗ ಸೌದೆ ಕೊಡುತ್ತದೆ, ನಿಜ. ಆದರೆ ಅದರ ಎಲೆ ಬೇಗ ಕೊಳೆಯದು, ದನವೂ ತಿನ್ನದು.

ನಾಟಿಯ ಕ್ರಮ

ಬೇಸಗೆಯ ಮಳೆ ಬಿದ್ದು ನೆಲ ಮೆದುವಾದಾಗ 45 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿ ತೆಗೆಯಬೇಕು. ಗೇರು, ಹಲಸಿಗೆ 60 ಸೆಂ.ಮೀ. ಇರಲಿ. ಕಾಡುಮರಗಳಿಗೆ 3 ಮೀಟರ್ ಅಂತರ ಕೊಟ್ಟರೆ ಎಕರೆಗೆ ಸುಮಾರು 450 ಸಸಿಗಳು ಬೇಕಾಗುತ್ತವೆ. ಗೇರಿಗೆ 7ರಿಂದ 8 ಮೀಟರ್ ಅಂತರ ಅಗತ್ಯ. ಮುಂಗಾರು ಹಿಡಿದ ಕೂಡಲೇ ಜೂನ್ ತಿಂಗಳಲ್ಲಿ ನಾಟಿ ಮುಗಿಸಬೇಕು.

ಮುರಕಲ್ಲಿನ ಗುಂಡಿಯಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಗುಂಡಿಯನ್ನು ಮೇಲ್ಮಣ್ಣಿನಿಂದ ಪೂರ್ತಿ ತುಂಬಿ, ಬುಡ ಸ್ವಲ್ಪ ದಿಬ್ಬವಾಗುವಂತೆ ಮಣ್ಣೇರಿಸಿರಿ. ಸಾಲುಗಳ ನಡುವೆ ಇಳಿಜಾರಿಗೆ ಅಡ್ಡಲಾಗಿ ತುಂಡು ತುಂಡಾದ ಇಂಗುಗುಂಡಿಗಳನ್ನು ತೋಡಿದರೆ ಹರಿದು ಹೋಗುವ ನೀರು ನೆಲಕ್ಕಿಳಿಯುತ್ತದೆ.

ಮೊದಲ ಮೂರು ವರ್ಷ

ಗಿಡ ಸಾಯುವುದು ಹೆಚ್ಚಾಗಿ ಬೇಸಗೆಯಲ್ಲಿ. ಮಳೆ ನಿಂತ ಮೇಲೆ ಬುಡಕ್ಕೆ ದಪ್ಪವಾಗಿ ತರಗೆಲೆ ಹಾಸಬೇಕು. ಡಿಸೆಂಬರ್ ಒಳಗೆ ಸುತ್ತ ಮೂರು ಮೀಟರ್ ಅಗಲ ಮುಳಿಹುಲ್ಲು ಸವರಿ ಬೆಂಕಿರೇಖೆ ಮಾಡಬೇಕು. ಒಂದು ಬೀಡಿ ತುಂಡು ಮೂರು ವರ್ಷದ ದುಡಿಮೆಯನ್ನು ಸುಡಬಲ್ಲದು. ದನಕರು ನುಗ್ಗದಂತೆ ಅಗಳು ಅಥವಾ ಬೇಲಿ ಇರಲಿ.

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಸಸಿಗಳಿಗೆ ಮೂರು ವರ್ಷ ಪ್ರೋತ್ಸಾಹಧನ ಉಂಟು. ಮುಂದೆ ಮರ ಕಡಿಯುವಾಗ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಹಲವು ಜಾತಿಗಳಿಗೆ ಅನುಮತಿ ಬೇಕಾಗುವುದರಿಂದ ನೆಟ್ಟ ವರ್ಷ, ಜಾತಿ, ಸಂಖ್ಯೆಗಳನ್ನು ಬರೆದಿಡಿರಿ.

ಸೊಪ್ಪು ಕೊಯ್ಯುವ ಬಗೆ

ಮೊದಲ ಐದಾರು ವರ್ಷ ಕತ್ತಿ ತಾಗಿಸಬಾರದು. ಆಮೇಲೆ ಗುಡ್ಡೆಯನ್ನು ಮೂರು ಪಾಲು ಮಾಡಿ, ವರ್ಷಕ್ಕೊಂದು ಪಾಲಿನಲ್ಲಿ ಕೆಳಗಿನ ರೆಂಬೆಗಳನ್ನು ಮಾತ್ರ ಸವರಬೇಕು, ತುದಿ ಮುಟ್ಟಬಾರದು. ತರಗೆಲೆಯನ್ನೂ ಪೂರ್ತಿ ಗುಡಿಸದೆ ಒಂದಂಶ ಅಲ್ಲೇ ಬಿಟ್ಟರೆ ಕಾಡಿಗೂ ಗೊಬ್ಬರ ಉಳಿಯುತ್ತದೆ. ಇಡೀ ಗುಡ್ಡೆಗೆ ಒಮ್ಮೆಲೇ ಕೈಹಾಕದೆ ಈ ಮಳೆಗಾಲದಲ್ಲಿ ಕಾಲೆಕರೆಯಿಂದ ಆರಂಭಿಸಿರಿ. ಅಷ್ಟನ್ನು ಬೆಂಕಿ ಮತ್ತು ದನಗಳಿಂದ ಉಳಿಸಿಕೊಂಡ ಬಳಿಕವೇ ಮುಂದಿನ ಕಾಲೆಕರೆಗೆ ಗುಂಡಿ ತೆಗೆಯಿರಿ.