ಮಕ್ಕಳ ಕಲ್ಯಾಣ ಸಮಿತಿಯ ಆಜ್ಞೆ: ದೂರಿಗೂ ಮೇಲ್ಮನವಿಗೂ ಇರುವ ಮೇರೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ಅನೇಕ ಕುಟುಂಬಗಳು ಕೂಲಿಯನ್ನರಸಿ ಮುಂಬಯಿ, ಪುಣೆ, ಬೆಂಗಳೂರುಗಳಿಗೆ ಗುಳೆ ಹೋಗುವುದುಂಟು. ಊರಿನಲ್ಲಿ ಅಜ್ಜಿಯೊಡನೆ ಉಳಿದ ಮಗುವೊಂದನ್ನು ಯಾರೋ ದಿಕ್ಕಿಲ್ಲದ್ದೆಂದು ಭಾವಿಸಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದರೆನ್ನೋಣ. ಸಮಿತಿಯು ಅದನ್ನು ಬಾಲಮಂದಿರಕ್ಕೆ ಕಳುಹಿಸಿತೆನ್ನೋಣ. ಮರಳಿ ಬಂದ ತಂದೆತಾಯಿಗಳು ಯಾರಲ್ಲಿ ಮೊರೆಯಿಡಬೇಕು, ಆ ಮೊರೆಗಿರುವ ಮೇರೆಗಳಾವುವು ಎಂಬುದನ್ನು ನಾವಿಲ್ಲಿ ವಿಚಾರಿಸುತ್ತೇವೆ.

ಇಂಗ್ಲೆಂಡಿನಲ್ಲಿ ಇಂತಹ ಕ್ರಮವನ್ನು ಸ್ಥಳೀಯ ಕೌನ್ಸಿಲು ಕೈಗೊಂಡು ನ್ಯಾಯಾಲಯದ ಆಜ್ಞೆಯನ್ನು ಬೇಡುತ್ತದೆ. ನಮ್ಮಲ್ಲಿ ಪಂಚಾಯಿತಿಗಾಗಲಿ ಪುರಸಭೆಗಾಗಲಿ ಆ ಅಧಿಕಾರವಿಲ್ಲ. 2015ರ ಬಾಲನ್ಯಾಯ ಕಾಯ್ದೆಯು ಅದನ್ನು ಅಧ್ಯಕ್ಷರೂ ನಾಲ್ವರು ಸದಸ್ಯರೂ ಉಳ್ಳ ಸಮಿತಿಗೆ ಕೊಟ್ಟು, ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರಗಳನ್ನೂ ಅದಕ್ಕೆ ವಹಿಸಿದೆ. ಆದುದರಿಂದ ಸಮಿತಿಯ ತೀರ್ಮಾನವು ಕಚೇರಿಯ ಟಿಪ್ಪಣಿಯಲ್ಲ, ಆಜ್ಞೆ. ಮೇರೆಗಳೆಲ್ಲವೂ ಇಲ್ಲಿಂದಲೇ ಹುಟ್ಟುತ್ತವೆ.

ಮೊರೆಗೆ ಬಾಗಿಲುಗಳು ಎರಡು. 27ನೆಯ ಪ್ರಕರಣದಂತೆ ಜಿಲ್ಲಾ ದಂಡಾಧಿಕಾರಿಗಳು, ಎಂದರೆ ನಮ್ಮ ಜಿಲ್ಲಾಧಿಕಾರಿಗಳು, ದೂರನ್ನು ಆಲಿಸಬೇಕು. 2021ರ ತಿದ್ದುಪಡಿಯು ಇದನ್ನು ಸಮಿತಿಯ 'ಕಾರ್ಯನಿರ್ವಹಣೆ'ಯಿಂದ ಉದ್ಭವಿಸಿದ ದೂರು ಎಂದು ನಿರ್ದಿಷ್ಟಪಡಿಸಿ, ಬಾಧಿತ ಮಗುವಿಗೂ ದೂರುವ ಹಕ್ಕನ್ನು ಸ್ಪಷ್ಟವಾಗಿ ಕೊಟ್ಟಿತು. ಅವರು 'ಯುಕ್ತ ಆಜ್ಞೆ' ಮಾಡಬಹುದೆಂದಿದೆ. ಯುಕ್ತವೆಂದರೇನೆಂದು ಕಾಯ್ದೆಯು ಬಿಡಿಸಿ ಹೇಳಿಲ್ಲ. ಸಮಿತಿಯು ಸಭೆ ಸೇರದಿದ್ದರೆ, ಪೋಷಕರ ಮಾತನ್ನು ಕೇಳದಿದ್ದರೆ ಈ ಬಾಗಿಲು ತಕ್ಕುದು. ಆದರೆ ಆಜ್ಞೆಯನ್ನೇ ರದ್ದುಗೊಳಿಸಲು 101ನೆಯ ಪ್ರಕರಣದ ಮೇಲ್ಮನವಿಯೇ ಸರಿಯಾದ ದಾರಿಯೆಂಬುದು ನಮ್ಮ ಅಭಿಪ್ರಾಯ.

ಆ ಮೇಲ್ಮನವಿಯನ್ನು 30 ದಿನಗಳೊಳಗೆ ಮಕ್ಕಳ ನ್ಯಾಯಾಲಯಕ್ಕೆ ಸಲ್ಲಿಸಬೇಕು. ದಿನಗಣನೆಯು ಆಜ್ಞೆಯ ತಾರೀಖಿನಿಂದ. ತಂದೆತಾಯಿಗಳಿಗೆ ಸುದ್ದಿ ತಿಳಿದಂದಿನಿಂದಲ್ಲ. ಗುಳೆ ಹೋದವರಿಗೆ ಇದು ಕಠಿಣವೇ ಸರಿ. ತಡಕ್ಕೆ ಸಾಕಷ್ಟು ಕಾರಣವಿದ್ದರೆ ಮನ್ನಿಸುವ ಅವಕಾಶವಿರುವುದರಿಂದ, ತಾವು ಎಲ್ಲಿದ್ದೆವು, ಎಂದು ತಿಳಿಯಿತು ಎಂಬುದನ್ನು ಅರ್ಜಿಯಲ್ಲಿ ಆಧಾರಸಹಿತವಾಗಿ ಬರೆಯುವುದು ಅಗತ್ಯ. ಮಗುವಿಗೆ ರಕ್ಷಣೆಯ ಅಗತ್ಯವಿಲ್ಲವೆಂದು ಸಮಿತಿಯು ನಿರ್ಣಯಿಸಿದರಾದರೋ ಮೇಲ್ಮನವಿಯೇ ಇಲ್ಲ! ಸೆಷನ್ಸ್ ನ್ಯಾಯಾಲಯದ ತೀರ್ಪಿನ ಮೇಲೆ ಎರಡನೆಯ ಮೇಲ್ಮನವಿಯೂ ಇಲ್ಲ. 102ನೆಯ ಪ್ರಕರಣದಂತೆ ಉಚ್ಚ ನ್ಯಾಯಾಲಯದ ಪುನರೀಕ್ಷಣೆ ಮಾತ್ರ ಉಂಟು. ಅದರ ಪೀಠವು ಕಲಬುರಗಿಯಲ್ಲಿಯೇ ಇರುವುದು ಈ ತಾಲ್ಲೂಕುಗಳವರಿಗೆ ಒಂದು ಅನುಕೂಲ.

ಮೂವತ್ತು ದಿನ ಕಳೆದರೆ ಎಲ್ಲವೂ ಮುಗಿಯಿತೆಂದು ಕೈಚೆಲ್ಲಬೇಕಾಗಿಲ್ಲ. ಮಗುವನ್ನು ಮನೆಗೆ ಮರಳಿಸುವುದೇ ಬಾಲಮಂದಿರದ ಮುಖ್ಯ ಉದ್ದೇಶವೆಂದು 40ನೆಯ ಪ್ರಕರಣ ಹೇಳುತ್ತದೆ; ಪೋಷಕರ ಯೋಗ್ಯತೆಯನ್ನು ನಿಶ್ಚಯಿಸಿ ಹಾಗೆ ಮರಳಿಸುವ ಅಧಿಕಾರ ಸಮಿತಿಗೇ ಇದೆ. ಅಲ್ಲಿ ಈ ಮೂವತ್ತು ದಿನಗಳ ಕಟ್ಟಿಲ್ಲ. ಆದರೆ ಪೋಷಕರು ಪತ್ತೆಯಾಗದ ಮಗುವನ್ನು, ಎರಡು ವರ್ಷದೊಳಗಿನದಾದರೆ 2 ತಿಂಗಳಲ್ಲಿ, ಮೇಲ್ಪಟ್ಟದ್ದಾದರೆ 4 ತಿಂಗಳಲ್ಲಿ ದತ್ತು ನೀಡಲು ಮುಕ್ತವೆಂದು ಸಮಿತಿಯು ಸಾರಬಹುದು. ಸುಗ್ಗಿ ಮುಗಿಸಿ ಬರುತ್ತೇವೆಂದು ಹೊರಟವರು ಈ ಅವಧಿಯೊಳಗೆ ಹಿಂದಿರುಗದಿರುವ ಸಂಭವ ಇಲ್ಲದಿಲ್ಲ.